ಡಾಲ್ಫಿನ್ ಮತ್ತು ತೊರೆಗಪ್ಪೆ: ವ್ಯತ್ಯಾಸ ಬರೆಯಿರಿ

ರಾಜೇಶ್ವರದ ಶಾಲೆಯಲ್ಲಿ ನಾನು ವಿಜ್ಞಾನವನ್ನೂ ನನ್ನ ಗೆಳೆಯರೊಬ್ಬರು ಗಣಿತವನ್ನೂ ಕಲಿಸುತ್ತಿದ್ದೆವು. ನಿವೃತ್ತಿಯ ಬಳಿಕ ನಾನು ಬಸವಕಲ್ಯಾಣ ಸೇರಿದೆ, ಅವರು ಹುಮನಾಬಾದ್. ಪ್ರತಿ ಐತವಾರ ನಾನು ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತೇನೆ. ನಿಲ್ದಾಣದ ಚಹಾದಂಗಡಿಯಲ್ಲಿ ಕುಳಿತು, ಯಾವುದಾದರೂ ಎರಡು ವಸ್ತುಗಳ ನಡುವೆ ಗೆರೆ ಎಳೆದು ವ್ಯತ್ಯಾಸ ಚರ್ಚಿಸುತ್ತೇವೆ. ಸರ್ಕಾರ ನಮ್ಮನ್ನು ಬಿಟ್ಟಿತು, ಪ್ರಶ್ನೆಪತ್ರಿಕೆ ಬಿಡಲಿಲ್ಲ. ವಾರದ ಉಳಿದ ದಿನಗಳಲ್ಲಿ ನಾನು ಮಾತಾಡುವುದು ಹಾಲಿನವನೊಬ್ಬನೊಡನೆ. ಅದೂ ಒಂದೇ ಮಾತು: "ಅರ್ಧ."

ಹೋದ ಐತವಾರಕ್ಕೆ ಗೊತ್ತುಮಾಡಿದ್ದ ವಿಷಯ ಗಂಗೆಯ ಡಾಲ್ಫಿನ್ ಮತ್ತು ಸಹ್ಯಾದ್ರಿಯ ತೊರೆಗಪ್ಪೆ. ಇಬ್ಬರೂ ಎರಡನ್ನೂ ಕಂಡವರಲ್ಲ. ಆದ್ದರಿಂದ ಚರ್ಚೆಗೆ ಅಡ್ಡಿಯಿರಲಿಲ್ಲ. ನಾನು ವಾರವಿಡೀ ಸಿದ್ಧನಾಗಿದ್ದೆ. ಡಾಲ್ಫಿನ್ನಿಗೆ ಕಣ್ಣು ಹೆಸರಿಗಷ್ಟೇ. ರಾಡಿ ನೀರಿನಲ್ಲಿ ಸದ್ದು ಹೊರಡಿಸಿ, ಅದರ ಮರುದನಿ ಕೇಳಿ ದಾರಿ ಹುಡುಕುತ್ತದೆ. ಕಪ್ಪೆಯ ಸಂಕಟ ಬೇರೆ. ತೊರೆಯ ಭೋರ್ಗರೆತದಲ್ಲಿ ತನ್ನ ಕೂಗು ಮುಳುಗುವುದರಿಂದ, ಬಂಡೆಯ ಮೇಲೆ ಕುಳಿತು ಹಿಂಗಾಲು ಚಾಚಿ ಬೀಸಿ ಸನ್ನೆ ಮಾಡುತ್ತದೆ.

ಬಸ್ಸಿಳಿದಾಗ ಗೆಳೆಯರು ಕಾಣಲಿಲ್ಲ. ನನ್ನ ಕಣ್ಣಿಗೆ ಈಗ ಮನುಷ್ಯರೆಲ್ಲ ಹೊಗೆಯಿದ್ದಂತೆ. "ಮಾಸ್ತರ್!" ಎಂದು ಕೂಗಿದೆ. ಇನ್ನೂ ಜೋರಾಗಿ ಕೂಗಿದೆ. ಕೊನೆಗೆ ಬಾಳೆಹಣ್ಣು ಮಾರುವವಳು ನನ್ನ ತೋಳು ಹಿಡಿದಳು.

"ಯಾಕ ಒದರಾಕತ್ತೀರಿ ಅಜ್ಜಾ? ನಿಮ್ಮ ದೋಸ್ತರಿಗಿ ಕಿವಿ ಕೇಳಂಗಿಲ್ಲ. ಆಗಿಂದ ಅಲ್ಲೇ ನಿಂತು ಟವೆಲ್ ಬೀಸಾಕತ್ತಾರ, ನೀವು ನೋಡವಲ್ರಿ!"

ಚಳಿಗಾಲದಿಂದ ಅವರ ಕಿವಿ ಮಂದವಾಗುತ್ತಿತ್ತು; ಇಷ್ಟಾಗಿದೆಯೆಂದು ನನಗೆ ಗೊತ್ತಿರಲಿಲ್ಲ. ಬರೆಯಬೇಕಾದದ್ದು ವ್ಯತ್ಯಾಸ, ನಾವಿಬ್ಬರೂ ಉದಾಹರಣೆಗಳಾಗಿ ನಿಂತಿದ್ದೆವು.

ಚಹಾ ಬಂತು. ಅವರು ಬಸಿಯನ್ನು ಸುಮ್ಮನೆ ತಿರುಗಿಸುತ್ತ ಹೇಳಿದರು: "ಮಾಸ್ತರ್, ಇನ್ನ ಬರಬ್ಯಾಡ್ರಿ. ನಿಮಗ ಬಸ್ಸಿನ ಬೋರ್ಡ್ ಕಾಣಂಗಿಲ್ಲ, ನನಗ ನಿಮ್ಮ ಮಾತು ಕೇಳಂಗಿಲ್ಲ. ದಾರ್ಯಾಗ ಏನರೆ ಆದ್ರ ಹ್ಯಾಂಗ?"

"ಮಾತು ಬ್ಯಾಡ್ರಿ. ಚಹಾ ಕುಡುದು ಹೋಗ್ತೀನಿ. ಬರಬ್ಯಾಡ ಅನಬ್ಯಾಡ್ರಿ!" ಎಂದು ಒದರಿದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರೊಬ್ಬರು ಮಾತ್ರ ತಮ್ಮ ಚಹಾ ಆರಿಸುತ್ತಿದ್ದರು.

ಚಹಾ ಮುಗಿಯಿತು. ಅವರೇ ಬೋರ್ಡ್ ಓದಿ, ನನ್ನನ್ನು ಬಸವಕಲ್ಯಾಣದ ಬಸ್ಸಿಗೆ ಹತ್ತಿಸಿದರು. ಕಿಟಕಿಯಿಂದ "ಐತವಾರ ಬರ್ತೀನ್ರಿ" ಎಂದೆ. ಬಿಳಿಯದೇನೋ ಅಲುಗಾಡಿತು. ಅದು ಬಾ ಎಂದೋ, ಬೇಡವೆಂದೋ ತಿಳಿಯುವಷ್ಟರಲ್ಲಿ ಬಸ್ಸು ಹೊರಟಿತು.

ಇಂದು ಶನಿವಾರ. ಅವರಿಗೆ ಫೋನು ಮಾಡಿದೆ, ಬಡಿದುಕೊಂಡು ತಾನೇ ನಿಂತಿತು. ನಾಳೆಗೆ ವಿಷಯವೇ ಗೊತ್ತಾಗಿಲ್ಲ. ಆದರೂ ಅಂಗಿ ಇಸ್ತ್ರಿ ಮಾಡಿಸಿ ತಂದಿದ್ದೇನೆ.