ಖಾಲಿ ಗಾಡಿಯ ತೂಕ

ಅಳಿಯನ ಎಡಗಾಲು ಹೋದದ್ದು ಸ್ನೋಮೊಬೈಲ್ ಅಡಿಗೆ ಸಿಕ್ಕಿ. ನೋಡದವರಿಗೆ ಹೇಳುತ್ತೇನೆ: ಅದು ಹಿಮದ ಮೇಲೆ ಓಡಿಸುವ ಗಾಡಿ. ಮುಂದೆ ಚಕ್ರದ ಬದಲು ಎರಡು ಹಲಗೆ, ಹಿಂದೆ ಬುಲ್ಡೋಜರಿಗೆ ಇರುವಂಥ ಅಗಲವಾದ ಪಟ್ಟಿ, ನಡುವೆ ಬೈಕಿನ ಸೀಟು. ಐರ್ಲೆಂಡಿನಲ್ಲಿ ಅದಕ್ಕೆ ಕೆಲಸವಿಲ್ಲ. ಇಲ್ಲಿ ಹಿಮ ಬಿದ್ದರೂ ಮಧ್ಯಾಹ್ನದೊಳಗೆ ರಾಡಿಯಾಗುತ್ತದೆ. ಆದರೆ ಡಿಸೆಂಬರ್ ಬಂತೆಂದರೆ ಡಬ್ಲಿನ್ನಿನ ಜನ ವಿಮಾನ ತುಂಬಿಕೊಂಡು ಲ್ಯಾಪ್‌ಲ್ಯಾಂಡ್ ಅನ್ನುವ ಹಿಮದ ಸೀಮೆಗೆ ಹೋಗುತ್ತಾರೆ, ಮಕ್ಕಳಿಗೆ ಸಾಂಟಾ ತಾತನನ್ನು ತೋರಿಸಲು. ನಮ್ಮ ಮನೆಯಲ್ಲಿ ಮಕ್ಕಳಿಲ್ಲ. ಆದರೂ ಹೋದೆವು. ಆಫೀಸಿನಲ್ಲಿ ಎಲ್ಲರೂ ಹೋಗಿಬಂದರು, ನಾವೇ ಉಳಿದದ್ದು ಎಂದು ಅಳಿಯ ಟಿಕೆಟ್ ಮಾಡಿಸಿದ.

ನಾನಿರುವುದು ಡಬ್ಲಿನ್ನಿನ ಪಕ್ಕದ ಸ್ವೋರ್ಡ್ಸ್‌ನಲ್ಲಿ, ಮಗಳ ಮನೆಯಲ್ಲಿ. ಅವಳು ಇಲ್ಲಿಗೆ ಓದಲು ಬಂದು ಇಲ್ಲೇ ಕೆಲಸ ಹಿಡಿದಳು. ಅಳಿಯನದು ಕಂಪ್ಯೂಟರ್ ಕೆಲಸ. ನಾನು ಮೈಸೂರಿನ ಒಂದು ಕಲ್ಯಾಣ ಮಂಟಪದ ಅಡಿಗೆಮನೆಯಲ್ಲಿ ಪಾತ್ರೆ ಎತ್ತಿ ಇಳಿಸಿ ವಯಸ್ಸು ಕಳೆದವಳು. ಶಾಲೆಯನ್ನು ಎರಡನೇ ಕ್ಲಾಸಿಗೆ ಬಿಟ್ಟೆ. ಅಕ್ಷರ ಕೂಡಿಸಿ ಕೂಡಿಸಿ ಬರೆಯುತ್ತೇನೆ. ತಪ್ಪಿದ್ದರೆ ಇರಲಿ.

ಅವತ್ತು ಆದದ್ದು ಇಷ್ಟು. ಗಾಡಿ ಬಾಡಿಗೆಗೆ ಕೊಡುವವರು, ಮೈದಾನದಲ್ಲಿ ಒಂದು ಸುತ್ತು ಹೊಡೆದು ಕೈ ಪಳಗಿಸಿಕೊಳ್ಳಿ ಎಂದು ಹೇಳಿ, ಬೇರೆ ಗುಂಪನ್ನು ಕರೆದುಕೊಂಡು ಮರಗಳ ಆಚೆ ಹೋದರು. ಅಳಿಯ ಹತ್ತಿ ಕುಳಿತ. ನಾನೂ ಮಗಳೂ ಬದಿಯಲ್ಲಿ ನಿಂತಿದ್ದೆವು. ತಿರುವಿನಲ್ಲಿ ನಮ್ಮ ಕಡೆ ನೋಡಿ ಕೈ ಬೀಸಿದ. ಗಾಡಿ ಮೈದಾನದ ಅಂಚಿನಿಂದ ಜಾರಿ ಹಳ್ಳಕ್ಕೆ ಮಗುಚಿತು. ಅವನ ಕಾಲು ಅದರ ಅಡಿಯಲ್ಲಿ.

ಓಡಿಹೋಗಿ ಇಬ್ಬರೂ ಹಿಡಿದೆವು. ಹಿಡಿಯಲು ಏನಿದೆ ಅದರಲ್ಲಿ? ನುಣ್ಣನೆಯ ಪ್ಲಾಸ್ಟಿಕ್ಕು, ಅದರ ಮೇಲೆ ಮಂಜುಗಡ್ಡೆ, ನಮ್ಮ ಕೈಗೆ ದಿಂಬಿನಂಥ ಗ್ಲೌಸು.

"ಒಂದ್, ಎರಡ್, ಎತ್ತಮ್ಮಾ!" ಎಂದಳು ಮಗಳು.

ಎತ್ತಿದೆವು. ಒಂದು ಗೇಣು ಎದ್ದಿತು. "ಎಳ್ಕೋ, ಕಾಲು ಎಳ್ಕೋ!" ಎಂದು ಅವಳು ಕಿರುಚಿದಳು. ಅವನು ಎಳೆದುಕೊಳ್ಳುವಷ್ಟರಲ್ಲಿ ಅದು ನಮ್ಮಿಬ್ಬರ ಕೈಯಿಂದಲೂ ಜಾರಿ ಅದೇ ಕಾಲಿನ ಮೇಲೆ ಕೂತಿತು. ಆಗ ಬಂದ ಸದ್ದನ್ನು ನಾನು ಬರೆಯುವುದಿಲ್ಲ. ಆಮೇಲೆ ಎಷ್ಟು ಹೆಣಗಿದರೂ ಅಲುಗಲಿಲ್ಲ. ಕಿರುಚಾಟ ಕೇಳಿ ಗೈಡು, ಅವನ ಹಿಂದೆ ಗಟ್ಟಿ ಗಂಡಸರು ಬಂದರು. ಅವರಿಂದಲೂ ಮೊದಲ ಸಲಕ್ಕೆ ಎತ್ತಲಾಗಲಿಲ್ಲ. ಅಷ್ಟು ಹೊತ್ತಿಗೆ ಅಳಿಯನಿಗೆ ಜ್ಞಾನ ತಪ್ಪಿತ್ತು. ಅವನು ಕಂಡದ್ದು ಗಾಡಿ ಮೇಲೆ ಹೋದದ್ದು, ಮತ್ತೆ ಕೆಳಗೆ ಬಂದದ್ದು. ಅಷ್ಟೇ.

ಅಲ್ಲೊಂದು ಆಪರೇಷನ್ ಆಯಿತು. ಡಬ್ಲಿನ್ನಿಗೆ ತಂದ ಮೇಲೆ ಪಾದಕ್ಕೆ ರಕ್ತ ಓಡದೆ ಕಪ್ಪಾಯಿತು. ಮೊಣಕಾಲಿನ ಕೆಳಗೆ ತೆಗೆದರು. ಮನೆಗೆ ಕರೆತಂದಾಗ ಪಕ್ಕದ ಮನೆಯ ಐರಿಶ್ ಹೆಂಗಸು ಆಪಲ್ ಟಾರ್ಟ್ ತಂದುಕೊಟ್ಟು, ಅವನನ್ನು ನೋಡಿ, ಗ್ರ್ಯಾಂಡ್ ಆಗಿದ್ದಾನೆ, ಅಂದರೆ ಚೆನ್ನಾಗಿದ್ದಾನೆ, ಎಂದಳು. ಇಲ್ಲಿ ಹೆಣವೊಂದನ್ನು ಬಿಟ್ಟು ಎಲ್ಲವನ್ನೂ ಗ್ರ್ಯಾಂಡ್ ಅನ್ನುತ್ತಾರೆ. ಮಗಳಿಗೂ ಅದು ಅಂಟಿತು. ಯಾರು ಫೋನ್ ಮಾಡಿದರೂ, "ಗ್ರ್ಯಾಂಡ್ ಇದಾನೆ ಅಂಕಲ್. ಹ್ಞೂಂ, ಗ್ರ್ಯಾಂಡ್." ಫೋನ್ ಇಟ್ಟು ಗೋಡೆ ನೋಡುವಳು.

ಅಳಿಯ ಸೋಫಾ ಮೇಲೆ ಕೂತು ಫೋನಿನಲ್ಲಿ ಆ ಗಾಡಿಯ ಜಾತಕವನ್ನೇ ಹುಡುಕಿದ. ಕಂಪನಿಯವರು ಅದರ ತೂಕ ಹಾಕಿದ್ದರು. ಇನ್ನೂರು ಚಿಲ್ಲರೆ ಕಿಲೋ.

"ಇಷ್ಟೇ ಅತ್ತೆ," ಎಂದು ನನಗೆ ತೋರಿಸಿದ. "ಪೂರ್ತಿ ಎತ್ತೋದೂ ಬೇಕಿರ್ಲಿಲ್ಲ, ಒಂದ್ ಸೈಡ್ ಸಾಕಿತ್ತು. ಅಂದ್ರೆ ಅರ್ಧ. ಅದನ್ನ ಇಬ್ರಿಗೆ ಹಂಚಿದ್ರೆ ತಲಾ ಒಂದ್ ಅಕ್ಕಿ ಮೂಟೆ."

ನಾನು ಅವನ ಮುಂದಿದ್ದ ಕಾಫಿ ಲೋಟ ಎತ್ತಿಕೊಂಡೆ.

"ನಿಮಗೆ ವಯಸ್ಸಾಗಿದೆ ಬಿಡಿ. ನಿಮ್ಮನ್ನ ಅಂತಿಲ್ಲ."

ಯಾರನ್ನು ಅನ್ನುತ್ತಿದ್ದಾನೆ ಎಂದು ಹೇಳಲಿಲ್ಲ. ಹೆಂಡತಿಯ ಮೇಲೆ ಒಂದು ದಿನವೂ ಕೂಗಾಡಲಿಲ್ಲ. ಕೂಗಾಡಿದ್ದರೆ ತಿರುಗಿ ಕೂಗಬಹುದಿತ್ತು. ಇವನು ಲೆಕ್ಕ ಹೇಳುತ್ತಿದ್ದ.

ಯುಗಾದಿಗೆ ಡಬ್ಲಿನ್ನಿನ ಇನ್ನೊಂದು ಬದಿಯ ಕ್ಲಾಂಡಾಲ್ಕಿನ್‌ನಿಂದ ಅವನ ಗೆಳೆಯರು ಊಟಕ್ಕೆ ಬಂದರು. ಮಗಳು ಹೋಳಿಗೆ ಬಡಿಸುತ್ತಿದ್ದಳು. ಒಬ್ಬ ಕೇಳಿದ, "ಗುರು, ಯಾರೂ ಎತ್ತೋಕೆ ಇರ್ಲಿಲ್ವಾ?"

"ಇದ್ರಲ್ಲ ಮಗಾ. ಎತ್ತಿದ್ರು. ಎತ್ತಿ, ಬಿಟ್ರು. ತಲಾ ಒಂದ್ ಅಕ್ಕಿ ಮೂಟೆ ಕಣೋ, ಅಷ್ಟೇ. ನಮ್ಮ ಮೇಡಂ ಜಿಮ್‌ಗೆ ಹೋಗಿದ್ದೇ ಬಂತು ಭಾಗ್ಯ."

ಎಲ್ಲರೂ ನಕ್ಕರು. ಕಾಲು ಹೋದವನು ತಮಾಷೆ ಮಾಡಿದರೆ ಯಾರು ತಾನೇ ನಗದೆ ಇರುತ್ತಾರೆ? ಇನ್ನೊಬ್ಬ, "ಅತ್ತಿಗೆ, ಮುಂದಿನ್ ಸಲ ಎರಡ್ ಹೋಳಿಗೆ ಜಾಸ್ತಿ ತಿಂದು ಹೋಗಿ," ಎಂದ. ಮಗಳು ಅವನ ತಟ್ಟೆಗೂ ಒಂದು ಹಾಕಿ, ತುಪ್ಪ ಬಿಟ್ಟು, ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ತೊಳೆಯುವ ಪಾತ್ರೆ ಒಂದೂ ಇರಲಿಲ್ಲ.

ಅವರೆಲ್ಲ ಹೋದ ಮೇಲೆ ನನಗೆ ಹೇಳಿದಳು, "ಕಾರ್ಕ್‌ನಲ್ಲಿ ಡಗ್ಲಸ್ ಅಂತ ಇದೆಯಮ್ಮ, ಬಸ್ಸಲ್ಲಿ ಮೂರು ಗಂಟೆ ದಾರಿ. ಅಲ್ಲಿ ಒಂದ್ ಕೆಲಸ ಖಾಲಿ ಇದೆ. ಹೋಗ್ತೀನಿ."

"ಇಬ್ರೂನಾ?"

"ನಾನೊಬ್ಳೇ. ಬಿಟ್ಳು, ಬಿಟ್ಳು ಅಂತ ದಿನಾ ಯಾರಮ್ಮ ಕೇಳಿಸ್ಕೋತಾರೆ?"

ಹೋಗುವುದಾದರೆ ಹೋಗಲಿ. ಗಂಡನಿಂದ ಬೇರೆಯಾಗಿ ಬಾಳಿದವರನ್ನು ನಾನು ಕಂಡಿದ್ದೇನೆ, ಅನ್ನ ನೀರು ಚೆನ್ನಾಗಿಯೇ ಸೇರುತ್ತದೆ. ಆದರೆ ಗಂಡನ ಕಾಲಿನ ಮೇಲೆ ಗಾಡಿ ಕೆಡವಿದವಳು ಎಂಬ ಹೆಸರು ಹೊತ್ತು ನನ್ನ ಮಗಳು ಹೋಗಕೂಡದು. ಆ ಹೆಸರು ಕಟ್ಟಿದ್ದು ಆ ಇನ್ನೂರು ಚಿಲ್ಲರೆ. ಮಾರನೆಯ ದಿನ ತಿಂಡಿಯ ಹೊತ್ತಿಗೆ ಅಳಿಯನನ್ನು ಕೇಳಿದೆ.

"ಆ ತೂಕದಲ್ಲಿ ಪೆಟ್ರೋಲ್ ಸೇರೈತೇನಪ್ಪ?"

ಫೋನ್ ನೋಡಿದ. "ಇಲ್ಲ. ಇದು ಡ್ರೈ ವೆಯ್ಟ್. ಪೆಟ್ರೋಲ್, ಆಯಿಲ್, ಇಂಜಿನ್ ತಣ್ಣಗಿಡೋ ನೀರು, ಏನೂ ಹಾಕ್ದೇ ಇರೋ ತೂಕ."

"ಹಿಂದೆ ಒಂದು ಪೆಟ್ಟಿಗೆ ಇತ್ತು. ಮುಂದೆ ಗಾಜಿತ್ತು."

"ಅದು ಬಾಡಿಗೆಯವ್ರು ಹಾಕ್ಸಿರೋದು."

"ಪಟ್ಟಿ ತುಂಬಾ ಹಿಮ ಮೆತ್ಕೊಂಡಿತ್ತು."

"ಅತ್ತೆ, ಹಿಮಾನ ಯಾರ್ ತೂಗ್ತಾರೆ?" ಉಪ್ಪಿಟ್ಟಿನ ಚಮಚ ಕೆಳಗಿಟ್ಟ. "ಸರಿ, ಎಲ್ಲಾ ಸೇರ್ಸಿ ನೀವೇ ಹೇಳಿ. ಎಷ್ಟಾಯ್ತು?"

ಬೆರಳು ಮಡಿಸಿ ಎಣಿಸಲು ಹೋದೆ, ಪೆಟ್ರೋಲಿಗೇ ಬೆರಳು ನಿಂತಿತು.

"ನಿಮಗೂ ಗೊತ್ತಿಲ್ಲ. ಹಾಕಿರೋದು ಇದೊಂದೇ ನಂಬರು. ನಾನು ಇದನ್ನೇ ತಾನೇ ನಂಬಬೇಕು?"

ಅವತ್ತು ನಾನೇ ಸೋತೆ.

ಗ್ಯಾಸ್ ಸಿಲಿಂಡರನ್ನು ಎಲ್ಲರೂ ಎತ್ತಿದ್ದೀರಿ. ಖಾಲಿ ಸಿಲಿಂಡರ್ ಎಷ್ಟು, ಒಳಗಿನ ಗ್ಯಾಸ್ ಎಷ್ಟು, ಎರಡನ್ನೂ ಅದರ ಮೈಮೇಲೆಯೇ ಬರೆದಿರುತ್ತಾರೆ. ಮಂಟಪದ ಅಡಿಗೆಮನೆಯಲ್ಲಿ ನಾವು ಹಂಡೆಯಂಥ ಕೊಳದಪ್ಪಲೆಗೆ ಕೈ ಹಾಕುವ ಮೊದಲು, ಒಳಗೇನಿದೆ ಎಂದು ಕೂಗಿ ಕೇಳುತ್ತಿದ್ದೆವು. ಅನ್ನವಾದರೆ ಇಬ್ಬರು, ಸಾರಾದರೆ ನಾಲ್ವರು. ಖಾಲಿ ಎಂದು ಸುಳ್ಳು ಹೇಳಿ ಯಾರಾದರೂ ಎತ್ತಿಸಿದರೆ ಅವನಿಗೆ ಸೌಟಿನಲ್ಲೇ ಬೀಳುತ್ತಿತ್ತು. ಇಷ್ಟು ದೊಡ್ಡ ಗಾಡಿ ಮಾಡುವವರಿಗೆ ಇದು ಏಕೆ ಬರುವುದಿಲ್ಲ?

ಫೋನಿನಲ್ಲಿ ಒಂದು ಕಟ್ಟೆ ಇದೆಯಂತೆ, ಅಲ್ಲಿ ಸ್ನೋಮೊಬೈಲ್ ಇಟ್ಟುಕೊಂಡವರೆಲ್ಲ ಸೇರಿ ಇದೇ ಮಾತಿಗೆ ಜಗಳ ಆಡುತ್ತಾರೆ. ಅಳಿಯ ನನಗೆ ಓದಿ ಹೇಳಿದ. ಟ್ಯಾಂಕ್ ತುಂಬಿಸಿ ತೂಗಿ ಹಾಕಲಿ, ಕೊಳ್ಳುವವನಿಗೆ ಗೊತ್ತಿರಲಿ ಎಂದು ಒಬ್ಬ. ಎಲ್ಲರೂ ಕಡಿಮೆ ಮಾಡಿಯೇ ಹೇಳುತ್ತಾರೆ, ಒಬ್ಬನೇ ನಿಜ ಹೇಳಿದರೆ ಅವನ ಗಾಡಿ ಮೂಲೆಗೆ ಬೀಳುತ್ತದೆ ಎಂದು ಇನ್ನೊಬ್ಬ. ಹೇಳುವ ತೂಕವೆಲ್ಲ ಸುಳ್ಳಾದರೆ ಹಾಕುವುದೇ ಬೇಡ ಎಂದು ಮತ್ತೊಬ್ಬ. ತೂಕ ಕೇಳುತ್ತೀಯಲ್ಲ, ಅದನ್ನೇನು ತಲೆಯ ಮೇಲೆ ಹೊರುತ್ತೀಯಾ ಎಂದು ಕೊನೆಯವನು.

"ಹೆಂಗೆ?" ಎಂದು ಅಳಿಯ ನಕ್ಕ.

"ಹೊರೋಕಲ್ಲ ಅನ್ನು ಅವನಿಗೆ. ಬಿದ್ದಾಗ ಎತ್ತೋಕೆ."

ಎಲ್ಲ ತುಂಬಿದ ಗಾಡಿಯ ತೂಕ ಎಷ್ಟು ಎಂದು ಮಗಳು ಕಂಪನಿಗೆ ಬರೆದಳು. ಬಾಡಿಗೆ ಕೊಟ್ಟವರಿಗೂ ಬರೆದಳು. ಕಂಪನಿಯವರು ಬಹಳ ಮರ್ಯಾದೆಯಾಗಿ, ಡ್ರೈ ವೆಯ್ಟ್ ಬಿಟ್ಟು ಬೇರೆ ತೂಕ ನಾವು ಹಾಕುವುದಿಲ್ಲ, ಅದು ಗಾಡಿಯಿಂದ ಗಾಡಿಗೆ ಬೇರೆ ಎಂದರು. ಬಾಡಿಗೆಯವರು, ನಾವು ಯಾವತ್ತೂ ತೂಗಿಲ್ಲ ಎಂದರು. ಒಬ್ಬರಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ನಮ್ಮಿಬ್ಬರ ತೋಳಿಗೆ. ತೋಳಿನ ಸಾಕ್ಷಿಯನ್ನು ಯಾರು ಕೇಳುತ್ತಾರೆ? ಮಗಳು ಡಗ್ಲಸ್ ಕೆಲಸಕ್ಕೆ ಅರ್ಜಿ ಹಾಕಿದಳು.

ಬೇಸಿಗೆಗೆ ಅಳಿಯನಿಗೆ ಹೊಸ ಕಾಲು ಬಂತು. ಹಾಕಿಕೊಂಡು ಹಾಲ್‌ನಿಂದ ಅಡಿಗೆಮನೆಗೆ ನಡೆದ. ಬೆಂಗಳೂರಿನಲ್ಲಿ ಬೀಗಿತ್ತಿ ಹರಕೆ ಹೊತ್ತಿದ್ದರು: ಮಗ ಎದ್ದು ನಡೆದರೆ ದೇವರಿಗೆ ಬೆಲ್ಲದ ತುಲಾಭಾರ, ಅವನ ತೂಕಕ್ಕೆ ಸಮನಾಗಿ. ಅವನು ಅಷ್ಟು ದೂರ ಹೋಗುವ ಹಾಗಿಲ್ಲ. ತೂಕ ಹೇಳಿದರೆ ಸಾಕು, ಅಷ್ಟು ಬೆಲ್ಲ ತಂದಿಟ್ಟು ಮಾಡೋಣ ಎಂದು ಪುರೋಹಿತರು ಒಪ್ಪಿದರಂತೆ. ಒಂದು ಭಾನುವಾರ ಬೆಳಿಗ್ಗೆ ಬೀಗಿತ್ತಿ ವಿಡಿಯೋ ಕಾಲ್ ಮಾಡಿದರು.

"ಕಾಲು ಹಾಕ್ಕೊಂಡು ತೂಗ್ಬೇಕಾ, ತೆಗೆದಾ, ಕೇಳಿದ್ಯಾಮ್ಮ?" ಎಂದ ಅಳಿಯ. "ತೆಗೆದ್ರೆ ಬೆಲ್ಲ ಉಳಿಯುತ್ತೆ."

"ಥೂ, ಬಿಡ್ತು ಅನ್ನೋ! ಹಾಕ್ಕೊಂಡೇ. ದೇವ್ರಿಗೆ ಕಮ್ಮಿ ಆಗ್ಬಾರ್ದು, ಜಾಸ್ತಿ ಆದ್ರೆ ಪರವಾಗಿಲ್ಲ ಅಂದ್ರು."

ಮಗಳು ಬಾತ್‌ರೂಮಿನಿಂದ ತೂಕ ನೋಡುವ ಗಾಜಿನ ಮಣೆಯನ್ನು ತಂದು ಅಡಿಗೆಮನೆಯ ನಡುವೆ ಇಟ್ಟಳು. ಅಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಅವನು ಅವಳ ಭುಜ ಹಿಡಿದು ಹತ್ತಿದ. ನುಣ್ಣನೆಯ ಗಾಜು, ನೆಲ ತಿಳಿಯದ ಪಾದ. ನಂಬರು ಬಂತು.

ಮಗಳು ಬಗ್ಗಿ ನೋಡಿದಳು. "ಇದು ಸರಿಯಿಲ್ಲ. ನನ್ ಮೇಲೆ ಭಾರ ಬಿಟ್ಟಿದ್ದೀಯ. ಕೈ ತೆಗಿ."

"ಹ್ಞೂಂ," ಎಂದ. ತೆಗೆಯಲಿಲ್ಲ.

"ತೆಗೀದಿದ್ರೆ ನಿನ್ ತೂಕ ಗೊತ್ತಾಗಲ್ಲ ಕಣೋ. ಸರಿ, ನಾನೇ ಹಿಂದೆ ಸರೀತೀನಿ."

"ಬಿಡ್ಬೇಡ." ಎರಡೂ ಕೈಯಲ್ಲಿ ಅವಳನ್ನು ಅವುಚಿ ಹಿಡಿದ. ಅವನ ಮುಖ ಬೆವರಿತ್ತು. "ಬಿಡ್ಬೇಡ ಕಣೆ. ಬಿದ್ಬಿಡ್ತೀನಿ."

ಅವಳು ಬಿಡಲಿಲ್ಲ. ಒಂದು ಕಾಲನ್ನು ಹಿಂದಕ್ಕೆ ಊರಿ ಅವಳು ಭಾರ ತಡೆದದ್ದು ನನಗೆ ಕಂಡಿತು. ಅವನಿಗೂ ಗೊತ್ತಾಗಿರಬೇಕು, ಅಷ್ಟು ಹತ್ತಿರ ಇದ್ದ.

"ತುಂಬಾ ಭಾರನಾ ನಾನು?" ಎಂದು ಕೇಳಿದ.

"ನಂಗೇನ್ ಗೊತ್ತು?" ಎಂದಳು. "ಎಲ್ಲೂ ಬರೆದಿಲ್ವಲ್ಲ."

ಫೋನಿನೊಳಗಿಂದ ಬೀಗಿತ್ತಿ, "ಎಷ್ಟಂತಮ್ಮ? ಬೆಲ್ಲದವನು ಕಾಯ್ತಿದಾನೆ," ಎಂದರು. ನಾನು ಗಾಜಿನ ಮೇಲೆ ಕಂಡದ್ದನ್ನು ಓದಿ, ಅದಕ್ಕಿಂತ ಜಾಸ್ತಿಯೇ ಇಡಿ, ಅರ್ಧ ಭಾರ ನನ್ನ ಮಗಳ ಮೇಲಿದೆ ಎಂದೆ. ಕುರ್ಚಿ ತಂದು ಅವನನ್ನು ಇಳಿಸಿದೆವು. ಮಗಳ ಭುಜದ ಮೇಲೆ ಬೆರಳಿನ ಗುರುತು ಕೆಂಪಗೆ ಕೂತಿತ್ತು.

ಗಣೇಶನ ಹಬ್ಬಕ್ಕೆ ಅದೇ ಗೆಳೆಯರು ಬಂದರು. ಹೊಸಬನೊಬ್ಬ ಜೊತೆಗಿದ್ದ, ಕಾಲಿನ ಕಥೆ ಕೇಳಿದ. ಅಡಿಗೆಮನೆಯಲ್ಲಿ ಮಗಳು ನಲ್ಲಿ ನಿಲ್ಲಿಸಿದಳು.

"ಎತ್ತೋಕಾಗ್ಲಿಲ್ಲ," ಎಂದ ಅಳಿಯ. "ತುಂಬಾ ಭಾರ ಇತ್ತು."

"ಅಕ್ಕಿ ಮೂಟೆ ಅಂದಿದ್ಯಲ್ಲೋ?" ಎಂದ ಹಳಬ.

"ಅದು ಖಾಲಿ ಗಾಡಿದು. ಪಾಯಸ ತಿನ್ನು."

ಕ್ಷಮೆ ಕೇಳಿದ ಎಂದು ಯಾರೂ ತಿಳಿಯಬೇಡಿ. ಕೇಳಲಿಲ್ಲ. ಮಗಳೂ ನಿಲ್ಲಲಿಲ್ಲ, ಕೆಲಸ ಸಿಕ್ಕಿತು, ಡಗ್ಲಸ್‌ಗೆ ಹೋದಳು. ಬಸ್ಸಿಗೆ ಹತ್ತಿಸಲು ಅವನು ಕೋಲೂರಿಕೊಂಡು ಸ್ಟಾಪಿನವರೆಗೆ ಬಂದ. ಅವನ ಚಿಕಿತ್ಸೆ ಇನ್ನೂ ಡಬ್ಲಿನ್ನಿನಲ್ಲೇ ನಡೆಯುತ್ತಿದೆ. ಆದ್ದರಿಂದ ನಾನು ಇಲ್ಲೇ ಇದ್ದು ಅನ್ನ ಬೇಯಿಸುತ್ತೇನೆ. ಅವಳು ಮತ್ತೆ ಬರುತ್ತಾಳೋ ಇಲ್ಲವೋ, ಇಬ್ಬರೂ ಹೇಳಿಲ್ಲ, ನಾನು ಕೇಳಿಲ್ಲ.

ಈಗ ಅವನೂ ಫೋನಿನ ಆ ಕಟ್ಟೆಯಲ್ಲಿ ಕೂತು ಬರೆಯುತ್ತಾನೆ. ಪೆಟ್ರೋಲ್ ತುಂಬಿಸಿ, ಎಲ್ಲ ಹಾಕಿ, ಒಂದು ದಿನ ಹಿಮದಲ್ಲಿ ಓಡಿಸಿ ಆಮೇಲೆ ತೂಗಿ, ತೂಕವನ್ನು ಗಾಡಿಯ ಮೈಮೇಲೆ ಬರೆಯಿರಿ ಎಂದು. ತನ್ನ ಕಾಲಿನ ವಿಷಯ ಬರೆಯುವುದಿಲ್ಲ. ನಿನ್ನೆ ಕೇಳಿದೆ, ಏನಂದರಪ್ಪ ಅದಕ್ಕೆ?

"ಭಾರ ಅನ್ಸಿದ್ರೆ ಸೈಕಲ್ ತಗೋ ಅಂದ್ರು," ಎಂದು ನಕ್ಕ.

ನಾನು ನಗಲಿಲ್ಲ. ಸಾರು ಉಕ್ಕುತ್ತಿತ್ತು, ಇಳಿಸಲು ಎದ್ದೆ.