ಹಿಂದಿನ ಕ್ಯಾಮೆರಾದಲ್ಲಿ ಚಿಗವ್ವ

ಇಲ್ಲದ ಸದ್ದು ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ನಂಬಿದವಳಲ್ಲ. ದೇವರನ್ನು ನಂಬುತ್ತೇನೆ, ಇಂಥವನ್ನಲ್ಲ ಎಂದು ಮುಖದ ಮೇಲೆಯೇ ಅಂದುಬಿಡುತ್ತಿದ್ದೆ. ಈಗ ನಾನೇ ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕೆಂಬ ಹಟವೇನಿಲ್ಲ.

ನಾಲ್ಕು ವರ್ಷದ ಹಿಂದೆ ಕಾರು ತಗೊಂಡೆವು. ಯಜಮಾನರು ದಿನಾ ವಿಜಯಪುರದಿಂದ ತಿಕೋಟಾಕ್ಕೆ ಕೆಲಸಕ್ಕೆ ಹೋಗುವವರು. ಯಾರಾದರೂ ತಾವೇ ಬಂದು ಗುದ್ದಿ ತಪ್ಪು ನಮ್ಮ ಮೇಲೆ ಹಾಕಿದರೆ ಸಾಕ್ಷಿ ಇರಲಿ ಎಂದು ಮುಂದೊಂದು, ಹಿಂದೊಂದು ಕ್ಯಾಮೆರಾ ಕೂರಿಸಬೇಕೆಂದರು. ಅಂಗಡಿಯವರು ದೊಡ್ಡ ಪರದೆಯದನ್ನು ತೋರಿಸಿದರು. ಹತ್ತಿದ ಬೀಗರು 'ನಮ್ಮ ಮ್ಯಾಲೆ ಕಣ್ಣಿಟ್ಟಾರ' ಅನ್ನಬಾರದಲ್ಲ, ಅದಕ್ಕೆ ಕನ್ನಡಿಯ ಹಿಂದೆ ಅಡಗುವಂಥ ಸಣ್ಣದನ್ನು ನಾನೇ ಆರಿಸಿದೆ. ಹಿಂದಿನ ಗಾಜಿನದಂತೂ ಅಂಗಿಯ ಗುಂಡಿಯಷ್ಟು.

"ಇದು ಮಾತೂ ಹಿಡೀತೈತೇನ್ರಿ?" ಎಂದು ಕೇಳಿದೆ.

"ಹಿಡೀತೈತ್ರಿ ಅಕ್ಕಾರ. ಬ್ಯಾಡಂದ್ರ ಬಂದ್ ಮಾಡ್ತೇನ್ರಿ."

"ಮಾಡಿಬಿಡ್ರಿ. ಗಾಡ್ಯಾಗ ಕುಂತು ನೂರು ಮಾತಾಡ್ತೇವಿ."

"ನೂರರಾಗ ತೊಂಬತ್ತೊಂಬತ್ತು ನಿಂದ," ಎಂದು ಯಜಮಾನರು ನಕ್ಕರು.

ಮೊದಲ ಪ್ರಯಾಣ ಕಾಖಂಡಕಿಗೆ, ಮನೆದೇವರಿಗೆ. ದೇವರ ಮುಂದೆ ಕಾಯಿ ಒಡೆಯುವ ತನಕ ಹೊಸ ಗಾಡಿ ನಡುವೆ ನಿಲ್ಲಬಾರದು, ಹೊರಗಿನವರನ್ನು ಹತ್ತಿಸಿಕೊಳ್ಳಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಸಾರವಾಡದ ಬಸ್ ನಿಲ್ದಾಣದಲ್ಲಿ ಚಿಗವ್ವ, ಅಂದರೆ ನನ್ನ ಚಿಕ್ಕಮ್ಮ, ನಿಂತಿದ್ದಳು. ತಾಯಿಯಿಲ್ಲದ ನನ್ನನ್ನು ಸಾಕಿ, ಮದುವೆ ಮಾಡಿಕೊಟ್ಟವಳು. ನಮ್ಮನ್ನು ಕಂಡು ಕೈ ಎತ್ತಿದಳು.

"ಚಿಗವ್ವ ನಿಂತಾಳ, ಹತ್ತಿಸ್ಕೊಳ್ಳೂಣೇನ?" ಅಂದರು ಯಜಮಾನರು.

"ನಿಲ್ಲಿಸಬ್ಯಾಡ್ರಿ, ಇನ್ನೂ ಪೂಜಿ ಆಗಿಲ್ಲ. ಬರೂಮುಂದ ನೋಡೂಣು."

ಅವಳು ಹೊರಗಿನವಳೇ? ಆಗ ಆ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಮರಳಿ ಬರುವಾಗ ಅದೇ ಊರಿನ ಅವಳ ಮನೆಗೆ ಹೋದರೆ ಬೀಗ ಹಾಕಿತ್ತು. ನಾಳೆ ಫೋನ್ ಮಾಡಿದರಾಯಿತು ಎಂದುಕೊಂಡೆ, ಮಾಡಲಿಲ್ಲ. ಮೂರನೆಯ ದಿನ ಎದೆನೋವು ಬಂದು ಚಿಗವ್ವ ತೀರಿಕೊಂಡಳೆಂದು ಸುದ್ದಿ ಬಂತು.

ಮಣ್ಣು ಮುಗಿಸಿ ಬಂದ ಮಧ್ಯಾಹ್ನ, ಅವಳ ಮುಖ ಒಮ್ಮೆ ನೋಡಬೇಕೆಂದು ಅತ್ತೆ. ಯಜಮಾನರು ಕ್ಯಾಮೆರಾದ ಕಾರ್ಡ್ ತಂದು ಕಂಪ್ಯೂಟರಿಗೆ ಹಾಕಿದರು. ಕಾರ್ಡ್ ತುಂಬಿದರೆ ಹಳೆಯದು ತಾನೇ ಅಳಿಸಿಹೋಗುತ್ತದಂತೆ; ಪುಣ್ಯಕ್ಕೆ ಆ ದಿನದ ವಿಡಿಯೋ ಅಳಿಸಿರಲಿಲ್ಲ. ಹಿಂದಿನ ಕ್ಯಾಮೆರಾದಲ್ಲಿ ಚಿಗವ್ವ ಸ್ಪಷ್ಟವಾಗಿದ್ದಳು. ನಾವು ದಾಟಿ ಹೋದರೂ ಕೈ ಇಳಿಸದೆ, ಸಣ್ಣವಳಾಗುತ್ತ ನಿಂತಿದ್ದಳು. ಆಗ, ಅಷ್ಟು ಹೊತ್ತೂ ಮೂಕವಾಗಿದ್ದ ಆ ವಿಡಿಯೋದೊಳಗಿನಿಂದ ನನ್ನ ದನಿ ಬಂತು.

"ನಿಲ್ಲಿಸಬ್ಯಾಡ್ರಿ."

ಯಜಮಾನರು ವಿಡಿಯೋ ನಿಲ್ಲಿಸಿದರು. "ಕೇಳ್ತಲಾ?" ಅಂದೆ. "ಕೇಳ್ತು," ಅಂದರು.

ಮತ್ತೆ ಹಾಕಿದೆವು. ಸದ್ದಿಲ್ಲ. ಹತ್ತು ಸಲ ಹಾಕಿದರೂ ಇಲ್ಲ. ಅಂಗಡಿಯವರು ಬಂದು ನೋಡಿ, "ಧ್ವನಿ ಮೊದಲಿಂದ ಬಂದ್ ಐತ್ರಿ ಅಕ್ಕಾರ, ಕೇಳಸಾಕ ಸಾಧ್ಯನ ಇಲ್ರಿ," ಅಂದರು.

ಯಜಮಾನರಿಗೂ ಕೇಳಿಸಿದ್ದು ದೇವರ ದಯೆ, ಇಲ್ಲದಿದ್ದರೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದೆ. ಅವಳ ಮುಖ ಉಳಿದದ್ದೂ ದಯೆಯೇ. ವಿಡಿಯೋವನ್ನು ಬೇರೆ ಕಡೆ ಜೋಪಾನ ಮಾಡಿ ಇಟ್ಟಿದ್ದೇನೆ. ಗಾಡಿ ದಾಟಿದ ಮೇಲೆ ಚಿಗವ್ವನ ತುಟಿಗಳು ಅಲುಗುತ್ತವೆ. ನಿಲ್ಲು ಅಂದಳೋ, ಚೆಂದಾಗಿ ಹೋಗಿ ಬಾ ಅಂದಳೋ. ಕಿವಿ ಹಚ್ಚಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅವಳ ಮಾತು ಮಾತ್ರ ಇವತ್ತಿನ ತನಕ ಒಮ್ಮೆಯೂ ಕೇಳಿಸಿಲ್ಲ.