ಎಣ್ಣೆಯ ಮೇಲೆ ಬಣ್ಣ

ನಾನು ಆಯಸ್ಸು ಸವೆಸಿದ್ದು ಯಾರೂ ನೋಡದ ಗೋಡೆಗಳ ಬಣ್ಣ ನೋಡುತ್ತ. ಅಣುವಿದ್ಯುತ್ ಸ್ಥಾವರದಲ್ಲಿ ರಿಯಾಕ್ಟರಿನ ಸುತ್ತ ದಪ್ಪ ಕಾಂಕ್ರೀಟಿನ ಗುಮ್ಮಟವೊಂದಿರುತ್ತದೆ. ಅದರ ಒಳಗೋಡೆಗೆ ಬಳಿದ ಬಣ್ಣ ಅಪಘಾತದ ಹೊತ್ತಿನಲ್ಲೂ ಕಚ್ಚಿಕೊಂಡು ನಿಲ್ಲುತ್ತದೆಯೇ ಎಂದು ಸರ್ಕಾರದ ಪರವಾಗಿ ಪರಿಶೀಲಿಸುವುದು ನನ್ನ ಕೆಲಸ. ಹೊಳೆನರಸೀಪುರದ ನನ್ನ ಹೆಂಡತಿಯ ತವರಿನಲ್ಲಿ ಇದನ್ನು ಯಾರಿಗೂ ಅರ್ಥ ಮಾಡಿಸಲು ಆಗಲಿಲ್ಲ. ಅಲ್ಲಿ ನಾನು ಕೊನೆಯವರೆಗೂ ಪೇಂಟರ್ ಅಳಿಯನೇ.

ನಿವೃತ್ತಿಯಾಗಿ ಹಾಸನದಲ್ಲಿ ಮನೆ ಮಾಡಿದ ಮೇಲೂ ಕಚೇರಿಯವರು ಬಿಡಲಿಲ್ಲ. ಹಳೆಯ ಸ್ಥಾವರಗಳ ವರದಿ ಕಳಿಸಿ ಅಭಿಪ್ರಾಯ ಕೇಳುತ್ತಿದ್ದರು. ನಾನು ನಡುಮನೆಯ ಕಿಟಕಿಯ ಪಕ್ಕ ಮೇಜಿನ ಮುಂದೆ ಕೂತು ಓದುತ್ತಿದ್ದರೆ ನನ್ನ ಹೆಂಡತಿ ಎದುರಿಗೆ ಗೋಡೆಗೊರಗಿ ನೆಲದ ಮೇಲೆ ಕೂತು ಅವರೆಕಾಳು ಹಿತುಕುತ್ತಿದ್ದಳು.

"ಅಲ್ಲಾ, ಆ ಗುಮ್ಮಟದೊಳಕ್ಕೆ ನರಮನುಸ್ರು ಓಗೋದೇ ಅಪರೂಪ ಅಂತೀರಿ. ಅಂಗಾದ್ಮೇಲೆ ಅದುಕ್ಯಾಕ್ರೀ ಬಣ್ಣ?" ಎಂದು ಒಮ್ಮೆ ಕೇಳಿದಳು.

ಧೂಳು ಒರೆಸುವುದಕ್ಕೆ ಸುಲಭವಾಗಲಿ ಎಂದು, ಕಾಂಕ್ರೀಟು ವಿಕಿರಣದ ಕೊಳೆ ಹೀರದಿರಲಿ ಎಂದು ಅಂದೆ. ಆದರೆ ಒಳಗೆ ಯಾವುದಾದರೂ ದೊಡ್ಡ ಕೊಳವೆ ಒಡೆದರೆ ಗುಮ್ಮಟದ ತುಂಬ ಬಿಸಿಹಬೆ. ಆಗ ಬಣ್ಣ ಚಕ್ಕೆಚಕ್ಕೆಯಾಗಿ ಎದ್ದರೆ ನೀರಿನ ಜೊತೆ ತಳದ ಗುಂಡಿಗೆ ಹರಿದು ಅಲ್ಲಿನ ಜಾಲರಿಗೆ ಮೆತ್ತಿಕೊಳ್ಳುತ್ತದೆ. ರಿಯಾಕ್ಟರನ್ನು ತಣ್ಣಗಿಡಲು ಪಂಪು ನೀರು ಎಳೆಯಬೇಕಾದ್ದು ಆ ಜಾಲರಿಯಿಂದಲೇ.

"ಓ, ಸಿಂಕಿಗೆ ಅವ್ರೆ ಸಿಪ್ಪೆ ಕಟ್ಕೊಂಡಂಗೆ" ಎಂದಳು. ನನ್ನ ಸಮಿತಿಯ ಮಹನೀಯರಿಗೆ ಚಾರ್ಟು ಹಾಕಿ ತೋರಿಸಬೇಕಾಗಿದ್ದ ವಿಷಯ ಅಷ್ಟಕ್ಕೇ ಮುಗಿಯಿತು. ಅವರೆ ಸಿಪ್ಪೆಯನ್ನು ಸಿಂಕಿಗೆ ಬಿಡುವುದನ್ನು ಮಾತ್ರ ಅವಳು ನಿಲ್ಲಿಸಲಿಲ್ಲ.

ಅವಳು ಒರಗುತ್ತಿದ್ದ ಜಾಗದಲ್ಲಿ ಗೋಡೆಯ ಮೇಲೆ ಅಂಗೈ ಅಗಲದ ಕಲೆಯೊಂದಿತ್ತು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ದಿನಾ ಅಲ್ಲೇ ಕೂತು ಕೂತು ಬಿದ್ದದ್ದು. ನಾನು ಅದನ್ನು ತೋರಿಸಿ ಗದರುತ್ತಿದ್ದೆ. ಎಣ್ಣೆಯ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ ಎಂಬುದು ನನ್ನ ವೃತ್ತಿಯ ಮೊದಲ ಪಾಠ. ಎಷ್ಟು ದುಬಾರಿ ಬಣ್ಣವಾದರೂ ಬಳಿಯುವ ಮೊದಲು ಗೋಡೆಯ ಮೈ ಉಜ್ಜಿ ತೊಳೆದಿರಬೇಕು. ತೊಳೆದದ್ದಕ್ಕೆ ದಾಖಲೆಯಿಲ್ಲದಿದ್ದರೆ ಆ ಬಣ್ಣ ಅಷ್ಟೂ ಉದುರುತ್ತದೆಂದೇ ಲೆಕ್ಕ ಹಿಡಿಯಬೇಕು. ಮೇಲೆ ತಳುಕು, ಒಳಗೆ ಹುಳುಕು ಎಂದು ನಾನು ವರದಿಗಳನ್ನು ಬೈಯುವುದು ಕೇಳಿಕೊಂಡೇ ನಮ್ಮ ಒಬ್ಬಳೇ ಮಗಳು ಬೆಳೆದಳು. ಈಗ ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನನ್ನ ಹೆಂಡತಿ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ಆಟೋ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇದನ್ನು ಇನ್ನೂ ಉದ್ದವಾಗಿ ಬರೆಯಲು ನನಗೆ ಆಗುವುದಿಲ್ಲ.

ಮಣ್ಣು ಮಾಡುವ ಪದ್ಧತಿ ಅವಳಿಗೆ ಬೇಡವಾಗಿತ್ತು, ಸುಟ್ಟೆವು. ಮನೆಗೆ ಬಂದು ನೋಡಿದರೆ ಎದುರಿಗೆ ಆ ಕಲೆ. ಸೀರೆಗಳನ್ನು ನೋಡಿದಾಗ ಬರದ ಅಳು ಅದನ್ನು ನೋಡಿ ಬಂತು. ಕೂತಾಗ ಅವಳ ತಲೆ ಎಷ್ಟು ಎತ್ತರಕ್ಕೆ ಬರುತ್ತಿತ್ತೋ ಅಷ್ಟೇ ಎತ್ತರದಲ್ಲಿತ್ತು. ಹತ್ತಿರ ಮೂಗಿಟ್ಟರೆ ಸಣ್ಣಗೆ ಕೊಬ್ಬರಿಯ ವಾಸನೆ. ಯಾರೂ ಇಲ್ಲದಾಗ ನಾನು ಅಲ್ಲಿ ಹಣೆಯಿಟ್ಟು ಕೂರುತ್ತಿದ್ದೆ.

ತಿಥಿಯೊಳಗೆ ಮನೆಗೆ ಸುಣ್ಣಬಣ್ಣ ಆಗಬೇಕು ಎಂದು ಅವಳ ತಮ್ಮ ಶುರು ಮಾಡಿದ. ನಮ್ಮ ಕಡೆ ಅದು ರೂಢಿ. ನಾನು ಆ ಒಂದು ಗೋಡೆ ಬಿಡೋಣ ಎಂದೆ.

"ಸೂತ್ಕದ್ ಗ್ವಾಡೆ ಅಂಗೇ ಬುಡಕಾಯ್ತದಾ ಬಾವ? ನಾಕ್ ಜನ ಬತ್ತಾರೆ, ಏನಂದ್ಕತಾರೆ? ಅಕ್ಕಂಗೂ ಒಳ್ಳೇದಾಗಕಿಲ್ಲ."

ಅಕ್ಕನಿಗೆ ಒಳ್ಳೇದಾಗುವುದಿಲ್ಲ ಎಂದ ಮೇಲೆ ಒಪ್ಪಿಕೊಂಡೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು, ಒಳಗೊಳಗೇ ಒಂದು ಉಪಾಯ ಹೂಡಿದೆ. ದುದ್ದದಿಂದ ಬಂದಿದ್ದ ಪೇಂಟರನ್ನು ಪಕ್ಕಕ್ಕೆ ಕರೆದು, ಆ ಜಾಗವನ್ನು ಉಜ್ಜಬೇಡಪ್ಪ, ಹಾಗೇ ಒಂದು ಕೈ ತೆಳ್ಳಗೆ ಎಳೆದುಬಿಡು ಎಂದೆ.

"ಸಾ, ಆಮ್ಯಾಕೆ ಎಣ್ಣೆ ಎದ್ದು ಕಾಣ್ತದೆ" ಎಂದ.

"ಕಾಣಲಿ" ಎಂದೆ.

ನನಗೆ ಬೇಕಾಗಿದ್ದದ್ದೂ ಅದೇ. ತಿಥಿಗೆ ಬಂದವರು ಬಿಳಿ ಗೋಡೆ ನೋಡಿ ಉಂಡು ಹೋಗಲಿ. ಆಮೇಲೆ, ಬೇಸಿಗೆ ಬರುವಷ್ಟರಲ್ಲಿ, ಎಣ್ಣೆ ನಿಧಾನವಾಗಿ ಮೇಲೆ ಬರುತ್ತದೆ, ಬಣ್ಣ ಸುಲಿಯುತ್ತದೆ. ಅವಳು ವಾಪಸು ಬರುತ್ತಾಳೆ ಎಂದೇ ನಾನು ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷ ಕೆಟ್ಟ ಕೆಲಸವೆಂದು ತಿರಸ್ಕರಿಸಿದ್ದನ್ನು ನನ್ನ ಮನೆಯಲ್ಲಿ ನಾನೇ ಮಾಡಿಸುತ್ತಿದ್ದೆ, ಅದೂ ಕೈಮುಗಿದು.

ಮಾರನೆಯ ದಿನ ಕೆಲಸ ನೋಡಿಕೊಳ್ಳಲು ಮಗಳನ್ನು ಮನೆಯಲ್ಲಿ ಬಿಟ್ಟು, ಹೆಂಡತಿಯ ತಮ್ಮನ ಜೊತೆ ಹೊಳೆನರಸೀಪುರಕ್ಕೆ ಹೋಗಿ ಹೇಮಾವತಿಯಲ್ಲಿ ಅಸ್ಥಿ ಬಿಟ್ಟೆವು. ನೀರು ತಣ್ಣಗಿತ್ತು. ಮಡಕೆ ಖಾಲಿಯಾದ ಮೇಲೂ ನನ್ನ ಕೈ ಅದನ್ನು ಬಿಡಲೊಲ್ಲದು, ಅವನೇ ಬಿಡಿಸಿದ. ದಾರಿಯುದ್ದಕ್ಕೂ ನಾನು ಆ ಗೋಡೆಯನ್ನೇ ನೆನೆಯುತ್ತಿದ್ದೆ. ಅದೊಂದು ಉಳಿದಿದೆಯಲ್ಲ ಎಂದು ಸಮಾಧಾನ.

ಸಂಜೆ ಮನೆಗೆ ಬಂದರೆ ಬಣ್ಣದ ವಾಸನೆ. ಪೇಂಟರ್ ಕೈ ತೊಳೆದುಕೊಳ್ಳುತ್ತಿದ್ದ, ನನ್ನ ಮುಖ ನೋಡಲಿಲ್ಲ. ಮಗಳು ನಡುಮನೆಯಲ್ಲಿ ಗೋಡೆಯ ಪಕ್ಕ ನಿಂತಿದ್ದಳು. ಕೂದಲ ಮೇಲೆಲ್ಲ ಸುಣ್ಣದ ಪುಡಿ, ಬೆರಳುಗಳ ಗೆಣ್ಣು ತರಚಿ ಕೆಂಪಾಗಿದ್ದವು.

"ಅಪ್ಪಾ, ಅವ್ನು ಎಣ್ಣೆ ಮೇಲೇ ಬಳಿಯಕ್ಕೋದ" ಎಂದಳು. "ಕೇಳಿದ್ರೆ ಸಾಹೇಬ್ರೇ ಹಂಗೇಳವ್ರೆ ಅಂದ. ನೀನು ಅಂಥ ಮಾತು ಹೇಳ್ದೆ ಅಂದ್ರೆ ಎಷ್ಟು ಸೋತೋಗಿದೀಯ ಅಂತ ನಂಗೆ ಗೊತ್ತಾಯ್ತು. ಅದುಕ್ಕೇ ನಾನೇ ಮಾಡ್ದೆ. ಸೋಡ ಹಾಕಿ ಉಜ್ಜಿ, ಉಪ್ಪುಕಾಗದದಲ್ಲಿ ತಿಕ್ಕಿ, ತೊಳ್ದು ಒಣಗಿಸಿ, ಪ್ರೈಮರ್ ಹಾಕ್ಸಿ ಆಮೇಲೆ ಬಣ್ಣ. ಎಲ್ಲಾ ನೀನು ಹೇಳ್ತಿದ್ದಂಗೇ. ಬೆಳಿಗ್ಗೆಯಿಂದ ಅದೇ ಕೆಲ್ಸ."

ಚೀಲ ಕೆಳಗಿಟ್ಟೆ. ಸಿಟ್ಟು ಬರಲಿಲ್ಲ, ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಮ್ಮನನ್ನು ಕಳೆದುಕೊಂಡ ಹುಡುಗಿ, ಅಪ್ಪನಿಗಾಗಿ ಏನಾದರೂ ಮಾಡಬೇಕೆಂದು ದಿನವಿಡೀ ಗೋಡೆ ಉಜ್ಜಿದ್ದಾಳೆ.

"ಒಂದ್ಸಲ ನೋಡಪ್ಪಾ, ಸರಿಯಾಗೈತಾ?" ಎಂದಳು.

ಹತ್ತಿರ ಹೋಗಿ ಅಂಗೈ ಇಟ್ಟೆ. ಒಣಗಿತ್ತು. ಬೆಳಕಿಗೆ ಓರೆಯಾಗಿ ನೋಡಿದೆ, ಉಗುರಿನಿಂದ ಅಂಚು ಕೆರೆದೆ. ಎಲ್ಲೂ ಗುಳ್ಳೆಯಿಲ್ಲ, ಎಲ್ಲೂ ಸಡಿಲವಿಲ್ಲ. ಬಗ್ಗಿ ಮೂಸಿದೆ. ಬರೀ ಬಣ್ಣ. ಯಾವ ಸ್ಥಾವರದ ಗೋಡೆಯೂ ನನ್ನ ಕೈಯಲ್ಲಿ ಇಷ್ಟು ಸಲೀಸಾಗಿ ಪಾರಾದದ್ದು ನೆನಪಿಲ್ಲ.

"ಚೆನ್ನಾಗಿ ಮಾಡಿದೀಯ ಕಣವ್ವ" ಎಂದೆ. "ಇನ್ನು ಇದು ಏಳೋದಿಲ್ಲ."

ಆಗ ಅವಳು ಅತ್ತಳು, ಅಮ್ಮ ಹೋದ ದಿನವೂ ಹಾಗೆ ಅತ್ತಿರಲಿಲ್ಲ. ನಾನು ತರಚಿದ ಅವಳ ಕೈಗಳನ್ನು ಹಿಡಿದುಕೊಂಡು ನಿಂತೆ. ಗೋಡೆಯ ಕಡೆಗೆ ಬೆನ್ನು ಮಾಡಿಕೊಂಡೆ, ನನ್ನ ಕಣ್ಣು ಮತ್ತೆ ಮತ್ತೆ ಆ ಜಾಗಕ್ಕೇ ಹೋಗುವುದು ಅವಳಿಗೆ ಕಾಣಬಾರದೆಂದು.